ಅಜ್ಜಿಯ ಕೈ ತಡೆಯಬೇಡಿ, ಡಬ್ಬಿ ತೂಗಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಪುರವಣಿಗಳಲ್ಲಿ 'ಅಜ್ಜನ ಮನೆ' ಬರಹಗಳ ಸುಗ್ಗಿ. ಅಂಗಳದ ಹಲಸು, ಬಚ್ಚಲ ಹಂಡೆಯ ಬಿಸಿನೀರು, ಅಜ್ಜನ ಕವಳದ ಸಂಚಿ, ಅಜ್ಜಿಯ ಮಿಡಿ ಉಪ್ಪಿನಕಾಯಿ. ಎಲ್ಲರೂ ಅದನ್ನೇ ಬರೆಯುತ್ತಾರೆ, ಬರೆದು ಕೊನೆಗೆ ಈ ಋಣ ತೀರಿಸಲಾಗದ್ದು ಎನ್ನುತ್ತಾರೆ. ಓದುವುದಕ್ಕೆ ಹಿತವಾಗಿಯೇ ಇರುತ್ತದೆ. ಆದರೆ ಇಷ್ಟು ವರ್ಷಗಳ ಆ ಬರಹಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂತರೂ ಒಂದು ಕೆ.ಜಿ. ಮಿಡಿಗೆ ಉಪ್ಪೆಷ್ಟು ಎಂಬುದು ಸಿಗುವುದಿಲ್ಲ. ಬಾಯಲ್ಲಿ ನೀರೂರಿದ್ದು ಬರೆದವರಿಗೆ ನೆನಪಿದೆ, ಭರಣಿಗೆ ಏನು ಹೋಯಿತು ಎಂಬುದು ನೆನಪಿಲ್ಲ.

ತೀರಿಸಲಾಗದ ಋಣದಲ್ಲಿ ತೀರಿಸಬಹುದಾದ ಒಂದು ಕಂತು ಇದೆ. ಹಿರಿಯರ ಕೈಯಳತೆ, ಕಣ್ಣಳತೆಗಳನ್ನು ಗ್ರಾಂ, ಲೀಟರು, ದಿನಗಳ ಲೆಕ್ಕಕ್ಕೆ ಇಳಿಸಿಟ್ಟುಕೊಳ್ಳುವುದು. ಮಕ್ಕಳು, ಮೊಮ್ಮಕ್ಕಳು ಊರಿಗೆ ಬಂದು ಕೂತಿರುವ ಈ ಐದಾರು ವಾರಗಳೇ ಅದಕ್ಕೆ ಸರಿಯಾದ ಕಾಲ. ಹೇಗೆ ಎಂಬುದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಮೊದಲನೆಯದಾಗಿ, ಕೇಳಿ ತಿಳಿದುಕೊಳ್ಳುವ ಆಸೆ ಬಿಡಿ. "ಎಷ್ಟು ಹಾಕ್ಬೇಕಜ್ಜಿ?" ಎಂದರೆ "ನೋಡ್ಕಂಡು ಹಾಕದು ಮಾರಾಯ್ತಿ" ಎಂಬ ಉತ್ತರ ಬರುತ್ತದೆ. ಅದು ಗುಟ್ಟು ಮುಚ್ಚಿಡುವ ಮಾತಲ್ಲ. ಐವತ್ತು ವರ್ಷ ಮಾಡಿದ ಕೈಗೆ ಅಳತೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಒತ್ತಾಯ ಮಾಡಿದರೆ ಮೊಮ್ಮಗಳ ಸಮಾಧಾನಕ್ಕೆ ಏನೋ ಒಂದು ಅಂಕಿ ಹೇಳುತ್ತಾರೆ, ಆ ಅಂಕಿ ನಂಬಿ ಹಾಕಿದ್ದು ಮಳೆಗಾಲಕ್ಕೆ ಮೊದಲೇ ಕೆಡುತ್ತದೆ. ನಡುನಡುವೆ "ತಾಳಜ್ಜಿ, ತೂಗ್ತೀನಿ" ಎಂದು ಕೈ ಹಿಡಿದು ನಿಲ್ಲಿಸಿದರೂ ಕೆಲಸ ಕೆಟ್ಟಿತು. ಹಿಡಿತ ತಪ್ಪಿದ ಕೈ ಒಂದೋ ಹೆಚ್ಚು ಹಾಕುತ್ತದೆ, ಇಲ್ಲವೇ ಕಡಿಮೆ.

ಬದಲಿಗೆ, ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಒಂದನ್ನು ಮೂಲೆಯಲ್ಲಿಡಿ. ಐದು ಕೆ.ಜಿ.ವರೆಗೆ, ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವಂಥದ್ದು ಸಾಕು. ಕೆಲಸ ಶುರುವಾಗುವ ಮೊದಲು ಉಪ್ಪಿನ ಡಬ್ಬಿ, ಮೆಣಸಿನಪುಡಿ ಡಬ್ಬಿ, ಸಾಸಿವೆ ಡಬ್ಬಿ, ಎಲ್ಲವನ್ನೂ ಮುಚ್ಚಳ ಸಮೇತ ತೂಗಿ ಬರೆದುಕೊಳ್ಳಿ. ಅಜ್ಜಿ ತಮ್ಮ ಪಾಡಿಗೆ ಹಿಡಿ ಹಿಡಿಯಾಗಿ ಹಾಕಿಕೊಳ್ಳಲಿ. ಎಲ್ಲ ಮುಗಿದ ಮೇಲೆ ಡಬ್ಬಿಗಳನ್ನು ಮತ್ತೊಮ್ಮೆ ತೂಗಿ. ಕಡಿಮೆಯಾದದ್ದೇ ಅಳತೆ. ಹೀಗೆ ಒಂದು ಸಲ ಮಾಡಿದರೆ ಸಾಲದು, ಎರಡು ಮೂರು ಸಲವಾದರೂ ಬೇಕು. ಅಂಕಿಗಳು ಹತ್ತಿರ ಹತ್ತಿರ ಬಂದರೆ ಅದು ಆ ಕೈಯ ಅಳತೆ. ದೂರ ದೂರ ಬಂದರೆ ಅಜ್ಜಿ ಬೇರೇನನ್ನೋ ನೋಡಿ ಹಾಕುತ್ತಿದ್ದಾರೆ ಎಂದರ್ಥ. ಮಿಡಿಯ ಗಾತ್ರವೋ, ಹುಳಿಯೋ, ಮೋಡವೋ. ಏನನ್ನು ನೋಡುತ್ತಾರೆ ಎಂದು ಆಗ ಕೇಳಿ, ಉತ್ತರ ಸಿಗುತ್ತದೆ.

ಹಳೆಯ ಪಾವು, ಸಿದ್ದೆ, ಸೇರುಗಳ ವಿಷಯದಲ್ಲಿ ಎಡವುವವರು ಬಹಳ. ನಾಲ್ಕು ಪಾವಿಗೆ ಒಂದು ಸೇರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಪಾವು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಹರಳುಪ್ಪಿನ ಹರಳುಗಳ ನಡುವೆ ಗಾಳಿ ಇರುತ್ತದೆ. ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಅದೇ ಪಾವಿನಲ್ಲಿ ಪುಡಿ ಉಪ್ಪು ಅಳೆದರೆ ತೂಕ ಹೆಚ್ಚು ಬಂದೇ ಬರುತ್ತದೆ. "ಅಜ್ಜಿ ಹೇಳಿದಷ್ಟೇ ಹಾಕಿದೆ, ಉಪ್ಪು ಕಟಾಕಟಿ ಆಯ್ತು" ಎಂದು ಬೆಂಗಳೂರಿನಿಂದ ಫೋನು ಬರುವುದು ಇದೇ ಕಾರಣಕ್ಕೆ. ಜೊತೆಗೆ ಅಳತೆಯ ತಲೆ ಗೀರುತ್ತಾರೋ, ಗೋಪುರ ಬಿಡುತ್ತಾರೋ ನೋಡಬೇಕು. ಮನೆಯ ಪಾವಿಗೆ ಒಮ್ಮೆ ಕಂಠಮಟ್ಟ ನೀರು ತುಂಬಿ ತೂಗಿ, ಖಾಲಿ ಪಾವಿನ ತೂಕ ಕಳೆದರೆ ಅದು ಎಷ್ಟು ಮಿಲಿಲೀಟರು ಹಿಡಿಯುತ್ತದೆ ಎಂಬುದು ಸಿಕ್ಕಿತು, ಒಂದು ಗ್ರಾಂ ನೀರಿಗೆ ಒಂದು ಮಿಲಿಲೀಟರು. ಆ ಅಂಕಿಯನ್ನು ಪಾವಿನ ತಳದಲ್ಲೇ ಮೊಳೆಯಿಂದ ಗೀರಿಟ್ಟರೆ ಇನ್ನೂ ಒಳ್ಳೆಯದು. ಸಿದ್ದೆಯಂತೂ ಊರಿನಿಂದ ಊರಿಗೆ ಬೇರೆ, ಪುಸ್ತಕದ ಕೋಷ್ಟಕ ನೋಡಿ ಲೆಕ್ಕ ಹಾಕಬೇಡಿ.

ಈಗ ಮಲೆನಾಡಿನ ಪರಿಮಳದ ಮಾವಿನ ಮಿಡಿ, ಅಪ್ಪೆಮಿಡಿಗೇ ಬರೋಣ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ ಎಂದು ಹೆಮ್ಮೆಪಡುವವರು ಅದನ್ನು ಹಾಕುವ ಕ್ರಮವನ್ನೂ ತಿಳಿದಿರಲಿ. ಜೀರಿಗೆ ಅಪ್ಪೆ, ಅನಂತಭಟ್ಟನ ಅಪ್ಪೆ, ಮಾಳಂಜಿ, ಯಾವುದೇ ಇರಲಿ, ಕೆಲಸ ಕೆಡುವುದು ಮರದ ಬುಡದಲ್ಲೇ. ಮಿಡಿಯನ್ನು ಬಡಿದು ಬೀಳಿಸಬಾರದು. ಮರ ಹತ್ತಿ ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಹೊರಗಿನಿಂದ ಚೆನ್ನಾಗಿಯೇ ಕಂಡರೂ ಒಳಗೆ ಪೆಟ್ಟಾಗಿರುತ್ತದೆ, ಭರಣಿಯಲ್ಲಿ ಮೊದಲು ಮೆತ್ತಗಾಗುವುದು ಅದೇ. ಮೆತ್ತಗಾದ ನಾಲ್ಕು ಮಿಡಿ ಉಳಿದ ನಾನೂರನ್ನೂ ಹಾಳುಮಾಡುತ್ತದೆ.

ತೊಟ್ಟನ್ನು ಪೂರ್ತಿ ಮುರಿಯಬೇಡಿ. ಅರ್ಧ ಬೆರಳಿನಷ್ಟು ಉಳಿಸಿ ಕತ್ತರಿಸಿ. ಪರಿಮಳ ಇರುವುದು ಸೊನೆಯಲ್ಲಿ. ಬುಡದಲ್ಲೇ ಕಿತ್ತರೆ ಸೊನೆಯೆಲ್ಲ ಸೋರಿಹೋಗಿ ಆ ತೂತಿನಿಂದ ಉಪ್ಪುನೀರು ಒಳನುಗ್ಗುತ್ತದೆ. ತೊಳೆದ ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಹರಡಿ, ತೇವದ ಪಸೆ ಇರಬಾರದು. ಬಿಸಿಲಿಗೆ ಹಾಕಿದರೆ ಉಪ್ಪಿಗೆ ಮೊದಲೇ ಬಾಡುತ್ತದೆ.

ಉಪ್ಪಿನ ಲೆಕ್ಕ ತೂಕದಲ್ಲಿ ನಾಲ್ಕಕ್ಕೆ ಒಂದು. ಒಂದು ಕೆ.ಜಿ. ಮಿಡಿಗೆ 250 ಗ್ರಾಂ ಹರಳುಪ್ಪು. ಒಂದು ಪದರ ಉಪ್ಪು, ಒಂದು ಪದರ ಮಿಡಿ, ಎಲ್ಲಕ್ಕಿಂತ ಮೇಲೆ ದಪ್ಪಗೆ ಉಪ್ಪು. ಎರಡು ಮೂರು ದಿನದಲ್ಲಿ ನೀರು ಬಿಡುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸಟ್ಟುಗದಿಂದ ಕೆಳಗಿನದು ಮೇಲೆ ಬರುವಂತೆ ಮಗುಚಬೇಕು, ಇಲ್ಲವೇ ಭರಣಿಯನ್ನೇ ಓಲಾಡಿಸಬೇಕು. ಎರಡರಿಂದ ಮೂರು ವಾರದಲ್ಲಿ ಮಿಡಿ ಮುರುಟಿ, ಬಣ್ಣ ಮಾಸಿ, ಮೈಯೆಲ್ಲ ನೆರಿಗೆ ಬೀಳುತ್ತದೆ. ಮುರುಟದೆ ಗುಂಡಗೆ ಉಳಿದಿದ್ದರೆ ಉಪ್ಪು ಹಿಡಿದಿಲ್ಲ, ಇನ್ನೂ ಕಾಯಬೇಕು. ಉಪ್ಪು ಕಡಿಮೆ ಹಾಕಿ 'ಆರೋಗ್ಯಕ್ಕೆ ಒಳ್ಳೆಯದು' ಎನ್ನುವ ಹೊಸ ಕ್ರಮ ಈಚೆಗೆ ಬಂದಿದೆ. ಅಂಥ ಉಪ್ಪಿನಕಾಯಿಯನ್ನು ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ. ಅಟ್ಟದ ಭರಣಿಯಲ್ಲಿ ಆಷಾಢದ ಥಂಡಿ ದಾಟುವ ಶಕ್ತಿ ಅದಕ್ಕಿಲ್ಲ.

ಮಿಡಿ ಸೋಸಿ ತೆಗೆದು ಉಳಿದ ಉಪ್ಪುನೀರನ್ನು ಚೆನ್ನಾಗಿ ಕುದಿಸಿ, ಮೇಲೆ ಬಂದ ನೊರೆ ತೆಗೆದು, ಇಡೀ ರಾತ್ರಿ ಆರಲು ಬಿಡಬೇಕು. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದರೆ ತಳದ ಕೆಸರೂ ಹೋಗುತ್ತದೆ. ಖಾರದ ಅಳತೆ ಮನೆಯಿಂದ ಮನೆಗೆ ಬೇರೆ. ಶುರುಮಾಡುವವರಿಗೆ ಕೆ.ಜಿ. ಮಿಡಿಗೆ ಮೆಣಸಿನಕಾಯಿ 150 ಗ್ರಾಂ, ಸಾಸಿವೆ 100 ಗ್ರಾಂ, ಅರಿಸಿನ 10 ಗ್ರಾಂ ಸಾಕು. ಮೆಣಸಿನಕಾಯಿಯಲ್ಲಿ ಬಣ್ಣಕ್ಕೆ ಬ್ಯಾಡಗಿ ಹೆಚ್ಚು, ಖಾರಕ್ಕೆ ಗುಂಟೂರು ಸ್ವಲ್ಪ. ಸಾಸಿವೆಯನ್ನು ಹುರಿಯದೆ, ಈ ಆರಿದ ಉಪ್ಪುನೀರಿನಲ್ಲೇ ರುಬ್ಬಬೇಕು. ಇಲ್ಲಿ ಆತುರಪಡುವವರೇ ಹೆಚ್ಚು. ಸಾಸಿವೆಯ ಘಾಟು ಬೀಜದಲ್ಲಿ ಮೊದಲೇ ಇರುವಂಥದ್ದಲ್ಲ. ಬೀಜ ಒಡೆದು ತೇವ ತಾಗಿದಾಗ ಒಳಗಿನ ಒಂದು ಕಿಣ್ವ ಅದನ್ನು ಹುಟ್ಟಿಸುತ್ತದೆ. ಬಿಸಿ ನೀರು ಹಾಕಿದರೆ ಆ ಕಿಣ್ವ ಸಾಯುತ್ತದೆ, ಘಾಟೂ ಹೋಯಿತು. 'ಅಜ್ಜಿ ಮಾಡಿದ ಹಾಗೆ ಮೂಗಿಗೆ ಹೊಡೆಯಲ್ಲ' ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಕಾರಣ ಇಷ್ಟೇ. ಉಳಿದೆರಡು ಸಲ ಸಾಸಿವೆ ಹಳೆಯದು.

ಖಾರ ಕೂಡಿಸಿದ ಮೇಲೆ ರಸ ಮಿಡಿಯ ಮೇಲೆ ಒಂದು ಬೆರಳು ನಿಲ್ಲಬೇಕು. ಮೇಲೆದ್ದು ಗಾಳಿಗೆ ತಾಗಿದ ಮಿಡಿಗೆ ಬೂಷ್ಟು ಹಿಡಿಯುತ್ತದೆ. ಎಣ್ಣೆಯಲ್ಲಿ ಅದ್ದಿದ ಬಟ್ಟೆ ಮೇಲೆ ಹಾಸಿ, ಬಾಯಿಗೆ ಬೇರೊಂದು ಬಟ್ಟೆ ಕಟ್ಟುವುದು ಅದಕ್ಕೇ. ಹಾಕಿದ ತಾರೀಕು, ಮರದ ಹೆಸರು, ಉಪ್ಪಿನ ತೂಕ ಬರೆದ ಚೀಟಿಯನ್ನು ಭರಣಿಯ ಕೊರಳಿಗೆ ಕಟ್ಟಿ. ಮಿಡಿ ಉಪ್ಪಿನಲ್ಲಿ ಕೂತಿರುವ ಮನೆಗಳಲ್ಲಿ ಖಾರ ಕೂಡಿಸುವ ಹೊತ್ತು ಇದೇ ಆದ್ದರಿಂದ, ರಜೆಗೆ ಬಂದವರು ತಕ್ಕಡಿ ಹಿಡಿದು ಕೂರಲು ಅಡ್ಡಿಯೇನಿಲ್ಲ.

ಹಲಸಿನ ಹಪ್ಪಳಕ್ಕೂ ಇದೇ ತಕ್ಕಡಿ. ಅಲ್ಲಿ ನೋಡಬೇಕಾದ್ದು ಮುಖ್ಯವಾಗಿ ಎರಡು. ಕಾಯಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಬೀಜ ಗಟ್ಟಿಯಾಗಿದ್ದು ಸೊಳೆ ಇನ್ನೂ ಬೆಳ್ಳಗಿದ್ದರೆ ಸರಿ. ಹಳದಿ ಬಂದಿದ್ದರೆ ಸಿಹಿ ಶುರುವಾಗಿದೆ, ಆ ಹಿಟ್ಟು ಒನಕೆಗೆ ಅಂಟುತ್ತದೆ, ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕಹಿಯಾಗುತ್ತದೆ. ಎರಡನೆಯದು, ಹಬೆಯಲ್ಲಿ ಬೆಂದ ಸೊಳೆಯನ್ನು ಬಿಸಿ ಇರುವಾಗಲೇ ಕುಟ್ಟಬೇಕು, ಆರಿದರೆ ಕೂಡಿಕೊಳ್ಳುವುದಿಲ್ಲ. ಆಗ ನೀರು ಚಿಮುಕಿಸಿದರೆ ಒಣಗುವಾಗ ಬಿರಿಯುತ್ತದೆ. ಹಿಟ್ಟನ್ನು ಬಾಯಿಗೆ ಹಾಕಿದಾಗ ಉಪ್ಪು ಕೊಂಚ ಕಡಿಮೆ ಅನಿಸಬೇಕು, ನೀರು ಆರಿದ ಮೇಲೆ ಉಪ್ಪು ಅಷ್ಟೇ ಉಳಿದು ಹಪ್ಪಳ ಹಗುರಾಗುತ್ತದೆ. ಮಕ್ಕಳು ಕದ್ದು ತಿನ್ನುವ ಹಿಟ್ಟಿನ ಉಂಡೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಸೊಳೆ ತೂಗಿ, ಇಲ್ಲದಿದ್ದರೆ ಎಣಿಕೆ ತಾಳೆಯಾಗುವುದಿಲ್ಲ.

ಈ ಲೆಕ್ಕದಲ್ಲಿ ಅಜ್ಜಂದಿರನ್ನು ಮರೆಯುತ್ತೇವೆ. ಪುರವಣಿಯ ಅಜ್ಜ ಯಾವಾಗಲೂ ಜಗಲಿಯಲ್ಲಿ ಕೂತು ಕತೆ ಹೇಳುತ್ತಿರುತ್ತಾನೆ. ತೋಟದ ಅಜ್ಜನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಈ ಮಲೆನಾಡಿನಲ್ಲಿ ಕೆಲಸ ಮಾಡಿದ ಕಾಲದಿಂದ, ಆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ನಮ್ಮ ತೋಟಗಳ ಭಾಷೆಯ ಭಾಗವಾಗಿಬಿಟ್ಟಿದೆ. ಅಳತೆ ಎಲ್ಲರಿಗೂ ಬಾಯಿಪಾಠ: ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು 100 ಲೀಟರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಅಜ್ಜ ಕೊನೆಯಲ್ಲಿ ಕತ್ತಿಯ ಅಲಗನ್ನು ಉಜ್ಜಿ ಹೊಳಪು ಮಾಡಿ ಒಂದು ನಿಮಿಷ ಅದ್ದಿ ತೆಗೆದು ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಬಿಡಿಯಾಗಿದೆ, ಎಲೆ, ಕಾಯಿ ಸುಡುತ್ತದೆ, ಸುಣ್ಣದ ನೀರು ಇನ್ನಷ್ಟು ಹೊಯ್ಯಬೇಕು. ಹಳೆಯ ಸುಣ್ಣ ಗಾಳಿಗೆ ಸತ್ತಿರುತ್ತದೆ, ತೂಕ ಸರಿಯಿದ್ದರೂ ಸತ್ವ ಇರುವುದಿಲ್ಲ, ಆ ಕತ್ತಿ ಹಿಡಿದುಕೊಡುವುದು ಇದನ್ನೇ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನದ ಮೇಲೆ ಇನ್ನೊಂದು ಸಲ. ಮೇ ಕೊನೆಯವರೆಗೆ ಊರಿನಲ್ಲಿರುವ ಮೊಮ್ಮಕ್ಕಳು ಮೊದಲನೆಯ ಹೊಡೆತವನ್ನು ನೋಡಿಯೇ ಹೋಗಬಹುದು. ಅಜ್ಜ ತುತ್ತ ಕರಗಿಸಲು ಎಷ್ಟು ಹೊತ್ತು ಮೊದಲು ನೆನೆಹಾಕುತ್ತಾರೆ, ದ್ರಾವಣ ಅಂಟಲು ರಾಳ ಸೇರಿಸುತ್ತಾರೋ ಇಲ್ಲವೋ, ಯಾವ ಗಾಳಿ ನೋಡಿ ಮರ ಹತ್ತುವ ಕೊನೆಗಾರನಿಗೆ ಹೇಳಿಕಳಿಸುತ್ತಾರೆ, ಇವೆಲ್ಲ ಬರೆದಿಟ್ಟುಕೊಳ್ಳಬೇಕಾದವೇ.

ಮಾತನ್ನು ದಾಖಲಿಸುವುದಕ್ಕೂ ಒಂದು ಕ್ರಮ ಬೇಕು. ಎದುರಿಗೆ ಫೋನು ಹಿಡಿದು "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಎಂದರೆ ಹಿರಿಯರು ಸಭೆಯಲ್ಲಿ ಮಾತಾಡುವಂತೆ ಗಂಟಲು ಸರಿಮಾಡಿಕೊಂಡು ಎರಡು ಒಳ್ಳೆಯ ಮಾತು ಹೇಳಿ ಸುಮ್ಮನಾಗುತ್ತಾರೆ. ಸುಲಿಯುವ ಮೆಷಿನ್ ಬರುವ ಮೊದಲು ಮಲೆನಾಡಿನ ಕತೆಗಳೆಲ್ಲ ಹರಿದದ್ದು ಮೆಟ್ಟುಗತ್ತಿಯ ಮುಂದೆ, ರಾತ್ರಿಯ ಅಡಿಕೆ ಸುಲಿತದಲ್ಲಿ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಹುಣಸೆಹಣ್ಣು ಬಿಡಿಸುವಾಗಲೋ, ಹಲಸಿನ ಬೀಜದ ಸಿಪ್ಪೆ ತೆಗೆಯುವಾಗಲೋ ಪಕ್ಕದಲ್ಲಿ ಕೂರಿ, ನೀವೂ ನಾಲ್ಕು ಬಿಡಿಸಿ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಹಾಕಿ ಅವರಿಂದ ಒಂದು ಮೊಳ ದೂರದಲ್ಲಿ, ಮಡಿಸಿದ ಬಟ್ಟೆಯ ಮೇಲೆ ಇಡಿ, ಬರಿಯ ನೆಲದ ಮೇಲಿಟ್ಟರೆ ಪಾತ್ರೆ ಇಟ್ಟ ಸದ್ದೆಲ್ಲ ಗುಡುಗಿನಂತೆ ಕೇಳುತ್ತದೆ. ಫ್ಯಾನು ಆರಿಸಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಕೆಲಸ ನಿಲ್ಲಿಸುವುದೇ ಸೈ. ಮಲೆನಾಡಿನವರು ಈ ಕೆಲಸವನ್ನು ಮಳೆಗಾಲದ ಬಿಡುವಿಗೆ ಮುಂದೂಡಿ ಕೆಡಿಸಿಕೊಳ್ಳುವುದು ಹೀಗೆಯೇ.

ಕೇಳುವ ಪ್ರಶ್ನೆ ಕೆಟ್ಟುಹೋದದ್ದರ ಬಗ್ಗೆ ಇರಲಿ. "ಯಾವ ವರ್ಷ ಹಪ್ಪಳ ಕೆಟ್ಟಿತ್ತು? ಯಾಕೆ?" ಎಂದರೆ ಮೋಡ, ಕಾಯಿ, ಯಾರ ಮದುವೆ, ಯಾರು ಒದ್ದೆ ಕೈ ಹಾಕಿದ್ದು, ಎಲ್ಲ ಬರುತ್ತದೆ. ಸರಿಯಾಗಿ ಆದದ್ದು ಯಾರ ನೆನಪಿನಲ್ಲೂ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ.

ಇಸವಿ ಕೇಳಬೇಡಿ, ಘಟನೆ ಕೇಳಿ. ಜೋಗದ ವಿದ್ಯುದಾಗಾರ ಶುರುವಾದದ್ದು 1948, ಗೇಣಿದಾರರ ಕಾಗೋಡು ಸತ್ಯಾಗ್ರಹ 1951, ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿದ್ದು 1957, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964, 'ಉಳುವವನೇ ಹೊಲದೊಡೆಯ' ಕಾನೂನು 1974. "ಲಿಂಗನಮಕ್ಕಿ ನೀರು ಬಂದಾಗ ನಿನ್ನ ಕಂಕುಳಲ್ಲಿ ಯಾರಿದ್ದರು?" ಎಂಬ ಒಂದೇ ಪ್ರಶ್ನೆಗೆ ಮೂರು ಮಕ್ಕಳ ವಯಸ್ಸು ಸಿಗುತ್ತದೆ. ಶರಾವತಿ ಹಿನ್ನೀರಿನ ಕುಟುಂಬಗಳಲ್ಲಿ ಇನ್ನೂ ಒಂದು ಹೆಚ್ಚಿನ ಕೆಲಸ ಇದೆ. ಮುಳುಗಿದ ಊರು, ಕೇರಿ, ಗದ್ದೆ, ಹಳ್ಳ, ಬೇಲಿಯ ದಣಪೆ, ಎಲ್ಲದರ ಹೆಸರನ್ನೂ ಅವರ ಬಾಯಿಂದಲೇ ಬರೆದುಕೊಂಡು, ಮನೆಯ ಬಾಗಿಲಿನಿಂದ ಹೊಳೆಯವರೆಗಿನ ದಾರಿಯನ್ನು ನೆಲದ ಮೇಲೆ ಕಡ್ಡಿಯಲ್ಲಿ ಬರೆಸಿ ಫೋಟೋ ತೆಗೆಯಿರಿ. ಗದ್ದೆಯ ಹೆಸರು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಕೈಕೆಲಸವನ್ನು ವಿಡಿಯೋ ಮಾಡುವಾಗ ಎಲ್ಲರೂ ಮುಖ ಹಿಡಿಯುತ್ತಾರೆ. ಮುಖ ಬಿಡಿ, ಭುಜದ ಹಿಂದಿನಿಂದ ಕೈ ಹಿಡಿಯಿರಿ. ಗದ್ದೆ ಪೂಜೆಯ ಭೂಮಿ ಹುಣ್ಣಿಮೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ದೀವರ ಸಮುದಾಯದ ಮನೆಯ ಅಜ್ಜಿಯರು ಪುಂಡಿನಾರಿನ ಕುಂಚವನ್ನು ಎಷ್ಟು ಉದ್ದ ಬಿಟ್ಟು ಹಿಡಿಯುತ್ತಾರೆ, ಗೆರೆ ಎಲ್ಲಿ ಶುರುಮಾಡಿ ಎಲ್ಲಿ ಎತ್ತುತ್ತಾರೆ ಎಂಬುದು ಎದುರಿನಿಂದ ಕಾಣುವುದಿಲ್ಲ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಒಂದೊಂದನ್ನು ಎಷ್ಟು ತೆಳ್ಳಗೆ ಕಲಸುತ್ತಾರೆ ಎಂಬುದನ್ನು ತೋರಿಸಲು ಬೆರಳಿನಿಂದ ಇಳಿಯುವ ಹನಿಯನ್ನೇ ತೆಗೆದಿಡಿ.

ಹಳೆಯ ಫೋಟೋಗಳಿಗೆ ಈ ಬಿಸಿಲೇ ಒಳ್ಳೆಯ ಕಾಲ, ಮಳೆಗಾಲದಲ್ಲಿ ಅವು ಗಾಜಿಗೆ ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಚೌಕಟ್ಟನ್ನು ಬಾಗಿಲ ಬಳಿ ತಂದು, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು, ಗಾಜಿನ ಮೇಲಿನಿಂದಲೇ ಫೋನಿನಲ್ಲಿ ತೆಗೆಯಿರಿ. ಬಿಡಿ ಫೋಟೋಗಳ ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯಿರಿ, ಬಾಲ್ ಪೆನ್ನು ಮುಂದೆ ಉಬ್ಬುತ್ತದೆ. ಇಲ್ಲಿ ಒಂದು ಸಣ್ಣ ತಕರಾರು. ಬರೆದಿಟ್ಟ ಮನೆಗಳಲ್ಲೂ ಗಂಡಸರ ಹೆಸರು ಪೂರ್ತಿ ಇರುತ್ತದೆ, ಪಕ್ಕದಲ್ಲಿ 'ಅವರ ಹೆಂಡತಿ'. ಆ ಹೆಂಡತಿಯ ಹೆಸರು, ಮದುವೆಗೆ ಮೊದಲಿನ ಹೆಸರು ಬೇರೆ ಇದ್ದರೆ ಅದು, ತವರಿನ ಊರು, ಮೂರನ್ನೂ ಬರೆಯಿರಿ. ಮನೆಯ ಉಪ್ಪಿನಕಾಯಿಯ ಅಳತೆ ಎಲ್ಲಿಂದ ಬಂದದ್ದು ಎಂಬುದು ಆ ತವರಿನ ಹೆಸರಿನಲ್ಲೇ ಇರುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ 'ಅಜ್ಜನ ಮನೆ' ಪುಟಕ್ಕೆ ಬರಹ ಆಹ್ವಾನಿಸುವಾಗ ಕೆಳಗೆ ಒಂದು ಸಾಲು ಸೇರಿಸಿ: ಅಳತೆ ಇಲ್ಲದ ಉಪ್ಪಿನಕಾಯಿಯನ್ನು ಪ್ರಕಟಿಸಲಾಗುವುದಿಲ್ಲ.

ಇಂತಿ,
ಸಾಗರ ತಾಲ್ಲೂಕಿನ ಕೆಲವು ಓದುಗರು